ಐದು ಕಿಲೋ ಆತ್ಮವಿಶ್ವಾಸ

ಪಾರ್ಸೆಲ್ ಕಚೇರಿಯ ಮೂರನೇ ಕೌಂಟರಿನಲ್ಲಿ ಕೂರುವ ಯುವಕನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ತಕ್ಕಡಿ. ಜನ ತಂದ ಗಂಟು, ಡಬ್ಬ, ಪೆಟ್ಟಿಗೆಗಳನ್ನು ಯಂತ್ರದ ಮೇಲಿಟ್ಟು, ತೂಕ ಬರೆದು, ಚೀಟಿ ಅಂಟಿಸುವುದು ಅವನ ಕೆಲಸ. ಆರು ವರ್ಷ ಅದನ್ನೇ ಮಾಡಿ ಮಾಡಿ ಅವನಿಗೊಂದು ಜಂಬ ಬಂದುಬಿಟ್ಟಿತ್ತು. ಪೆಟ್ಟಿಗೆ ಕೈಗೆ ಬಂದ ಕೂಡಲೇ, ಯಂತ್ರದ ಮೇಲೆ ಇಡುವ ಮುಂಚೆಯೇ, "ಎರಡು ಕಿಲೋ ಮುನ್ನೂರು" ಎಂದು ಘೋಷಿಸುತ್ತಿದ್ದ. ಯಂತ್ರ ಎರಡು ಕಿಲೋ ನಾನೂರು ಎಂದರೆ, "ಪಾಪ, ಇದಕ್ಕೂ ವಯಸ್ಸಾಯ್ತು" ಎಂದು ಯಂತ್ರದ ನೆತ್ತಿ ಸವರುತ್ತಿದ್ದ.

ಇಂಥವನು ಐದು ಕಿಲೋ ತಪ್ಪಿದ ಕತೆ ಇದು.

ಸಂಜೆ ಕೌಂಟರ್ ಮುಚ್ಚಿದ ಮೇಲೆ ಅವನ ಇನ್ನೊಂದು ಉದ್ಯೋಗ ಶುರುವಾಗುತ್ತಿತ್ತು. ಮರದ ಮಿಲ್ಲೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಭಾರ ಎತ್ತುವವರ ಅಭ್ಯಾಸ. ನೆಲಕ್ಕೆ ದಪ್ಪ ಹಲಗೆ, ಹಲಗೆಯ ಮೇಲೆ ರಬ್ಬರು ಹಾಸು, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಪ್ಲೇಟುಗಳು, ಮೂಲೆಯ ಡಬ್ಬದಲ್ಲಿ ಅಂಗೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ. ಅಲ್ಲಿ ತಕ್ಕಡಿಯದು ಪ್ಲೇಟು ಹಾಕುವ ಹುದ್ದೆ. ಹೇಳಿದಷ್ಟು ತೂಕವನ್ನು ರಾಡಿನ ಎರಡೂ ತುದಿಗೆ ಏರಿಸುವುದು, ಇಳಿಸುವುದು, ಯಾರು ಎಷ್ಟು ಎತ್ತಿದರು, ಎಷ್ಟಕ್ಕೆ ಸೋತರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು.

ಹಾಗೆಂದು ತಾನೇ ಎತ್ತಿ ನೋಡಿರಲಿಲ್ಲವೆಂದಲ್ಲ. ಜೀವಮಾನದಲ್ಲಿ ಒಂದು ಸ್ಪರ್ಧೆಗೆ ಇಳಿದಿದ್ದ. ಮೂರು ಅವಕಾಶ, ಮೂರೂ ಸೋಲು. ಮೂರನೆಯ ಸಲ ಕೈಜಾರಿದ ರಾಡು ಉರುಳುತ್ತಾ ಹೋಗಿ ತೀರ್ಪುಗಾರರ ಮೇಜಿನ ಕೆಳಗೆ ನುಗ್ಗಿತ್ತು. "ನಾನು ಭಾರ ಎತ್ತಲಿಲ್ಲ, ನಿಜ. ಆದ್ರೆ ಮೂರು ಜನ ದೊಡ್ಡ ಮನುಷ್ಯರು ಒಟ್ಟಿಗೆ ಕಾಲೆತ್ತೋ ಹಾಗೆ ಮಾಡಿದೆ" ಎಂದು ಅದನ್ನು ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ ಅಷ್ಟು ಉರಿಯುವುದಿಲ್ಲ ಎಂಬುದು ಅವನ ಅನುಭವ.

ಎತ್ತುವ ಕೈ ಆ ಮನೆಯಲ್ಲಿ ಇದ್ದದ್ದು ಅಕ್ಕನಿಗೆ. ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಆಸ್ಪತ್ರೆಯ ವಾರ್ಡಿನಲ್ಲಿ ಸಹಾಯಕಿ. ಮಲಗಿದಲ್ಲೇ ಇರುವ ರೋಗಿಗಳನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಾಯಿಸುವುದು, ಕೆಳಗಿನ ಹಾಸಿಗೆ ಬಟ್ಟೆ ಎಳೆದು ಹೊಸದು ಹಾಕುವುದು ಅವಳ ಕೆಲಸ. ಮೂರು ವರ್ಷದ ಹಿಂದೆ ಒಂದು ಸಂಜೆ ಮನೆಯ ಬೀಗದ ಕೈ ಕೊಡಲೆಂದು ಶೆಡ್ಡಿಗೆ ಬಂದಿದ್ದಳು. ಬಾಗಿಲಿಗೆ ಅಡ್ಡವಾಗಿ ಪ್ಲೇಟು ಏರಿಸಿದ ರಾಡೊಂದು ಬಿದ್ದಿತ್ತು. ಅವಳು ಬಗ್ಗಿ, ಅದನ್ನು ಎತ್ತಿ, ಪಕ್ಕಕ್ಕಿಟ್ಟು ಒಳಗೆ ಬಂದಳು. ಬೆಂಚಿನ ಮೇಲೆ ಕೂತು ಅಭ್ಯಾಸ ಮಾಡಿಸುತ್ತಿದ್ದ ಮೇಷ್ಟ್ರು ಎದ್ದು ನಿಂತರು.

"ಯಾರಮ್ಮ ನೀನು?"

"ಇವನ ಅಕ್ಕ."

"ಇವನು ಅದನ್ನ ಎತ್ತೋಕೆ ಮುಕ್ಕಾಲು ಗಂಟೆಯಿಂದ ಒದ್ದಾಡ್ತಾ ಇದ್ದಾನೆ. ನಾಳೆಯಿಂದ ನೀನು ಬಾ. ಇವನು ಬೀಗದ ಕೈ ತರಲಿ."

ಅಕ್ಕ ಬಂದಳು. ಬೇಗ ಕಲಿತಳು. ಅವಳಿಗೆ ತೊಡಕಾದದ್ದು ಎರಡು ಹಂತದ ಲಿಫ್ಟು: ರಾಡನ್ನು ಮೊದಲು ನೆಲದಿಂದ ಹೆಗಲಿಗೆ ತರಬೇಕು, ಅಲ್ಲಿ ಒಂದು ಕ್ಷಣ ನಿಂತು ಅಲ್ಲಿಂದ ತಲೆಯ ಮೇಲಕ್ಕೆ ಚಿಮ್ಮಿಸಿ ಮೊಣಕೈ ಬಿಗಿದು ನಿಲ್ಲಬೇಕು. ಒಂದೇ ಬೀಸಿಗೆ ಮೇಲೇರಿಸುವ ಇನ್ನೊಂದು ಬಗೆಯೂ ಇದೆ. ಅದು ಅವಳಿಗೆ ಸಲೀಸಾಗಿತ್ತಾದ್ದರಿಂದ ಈ ಕತೆಗೆ ಬೇಕಿಲ್ಲ. ಎರಡು ಹಂತದ್ದರಲ್ಲಿ ಅವಳು ಎಪ್ಪತ್ತೆಂಟು ಕಿಲೋ ಎತ್ತಿದ್ದಳು. ಒಂದೇ ಒಂದು ಸಲ. ಆಮೇಲೆ ಎಪ್ಪತ್ತೆಂಟು ಎಂದು ಕಿವಿಗೆ ಬಿದ್ದರೆ ಸಾಕು, ಹೆಗಲಿಗೆ ಬಂದ ರಾಡು ಅಲ್ಲಿಂದ ಮೇಲೆ ಹೋಗುತ್ತಿರಲಿಲ್ಲ.

ಹೋದ ವರ್ಷದ ಸ್ಪರ್ಧೆಯಲ್ಲಿ ಎಪ್ಪತ್ತಾರರಿಂದ ಶುರು ಮಾಡಿದಳು. ಅಲ್ಲಿನ ನಿಯಮ ಕಠಿಣ. ಮೂರೇ ಅವಕಾಶ, ಒಮ್ಮೆ ಒಂದು ತೂಕಕ್ಕೆ ನಿಂತರೆ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಮೂರೂ ತಪ್ಪಿದರೆ ಹೆಸರಿನ ಮುಂದೆ ಸೊನ್ನೆ. ಅಕ್ಕ ಎಪ್ಪತ್ತಾರಕ್ಕೆ ಮೂರು ಸಲ ನಿಂತಳು, ಮೂರು ಸಲ ತಪ್ಪಿದಳು. ಮನೆಗೆ ಬಂದು ಬೂಟುಗಳನ್ನು ಅಟ್ಟದ ಮೇಲೆ ಹಾಕಿ, ಕೈಕಾಲು ತೊಳೆದು, ಏನೂ ಆಗಿಲ್ಲವೆಂಬಂತೆ ಸೊಪ್ಪು ಬಿಡಿಸಲು ಕೂತಳು. ಅಮ್ಮ, "ಹೋಗ್ಲಿ ಬಿಡೇ, ಭಾರ ಎತ್ತೋದೇ ಆದ್ರೆ ಆ ಬೀರು ಸ್ವಲ್ಪ ಆ ಕಡೆ ಸರಿಸು" ಎಂದಳು. ಅಕ್ಕ ಸರಿಸಿದಳು. ಆಮೇಲೆ ಬೀರುವಿನ ಹಿಂದೆ ನಿಂತು ತುಂಬಾ ಹೊತ್ತು ಈಚೆ ಬರಲಿಲ್ಲ. ತಕ್ಕಡಿ ಅತ್ತ ನೋಡದೆ ಸೊಪ್ಪಿನ ದಂಟುಗಳನ್ನೂ ಎಲೆಗಳನ್ನೂ ಒಂದಕ್ಕೊಂದು ಬೆರೆಸಿ ಹಾಳು ಮಾಡಿದ.

ಅವಳ ಬೂಟು ಅಟ್ಟದಿಂದ ಇಳಿಯಲು ಐದು ತಿಂಗಳು ಬೇಕಾಯಿತು. ಇಳಿದದ್ದು ಒಂದು ಷರತ್ತಿನ ಮೇಲೆ.

"ಇನ್ನೊಂದೇ ಸಲ ಕಣೋ. ಈ ಸಲಾನೂ ಸೊನ್ನೆ ಬಂದ್ರೆ ಬೂಟನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನೀನು ಆಮೇಲೆ ಬಾಯಿ ತೆಗೀಬಾರದು."

"ತೆಗೆಯಲ್ಲ. ಆದ್ರೆ ನಿನ್ನ ಮನಸ್ಸಿನ ಜವಾಬ್ದಾರಿ ನಂದು" ಎಂದ ತಕ್ಕಡಿ.

"ನಿನ್ನ ಮನಸ್ಸಿನ ಜವಾಬ್ದಾರಿ ಯಾರದ್ದೋ?"

ಅವನು ಆಗಲೇ ಮೊಬೈಲಿನಲ್ಲಿ ಕ್ರೀಡಾಪಟುಗಳ ಮನೋಬಲದ ವಿಡಿಯೋಗಳನ್ನು ನೋಡಲು ಕೂತ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಚೀಟಿ ಅಂಟಿಸುತ್ತಾ ಒಟ್ಟು ನಲವತ್ತು ವಿಡಿಯೋ ನೋಡಿದ. ಹೊಸ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ದಪ್ಪಗೆ 'ಮನಸ್ಸಿನ ವ್ಯಾಯಾಮ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಶೆಡ್ಡಿನ ಎದುರು ಗೋಡೆಗೆ ಅಕ್ಕನ ಕಣ್ಣಿನ ಮಟ್ಟಕ್ಕೆ ಒಂದು ಬಿಳಿ ಟೇಪಿನ ಚೂರು ಅಂಟಿಸಿದ. ಎತ್ತುವ ಮೊದಲು ಅದನ್ನೇ ನೋಡಬೇಕು. ಮೂರು ಸಲ ಉಸಿರು ಎಳೆದು ಬಿಡಬೇಕು. ಆಮೇಲೆ ಮನಸ್ಸಿನಲ್ಲೇ 'ನಾನು ಪರ್ವತ, ನನ್ನನ್ನು ಯಾರೂ ಅಲುಗಾಡಿಸಲಾರರು' ಎಂಬ ವಾಕ್ಯವನ್ನು ಹೇಳಿಕೊಳ್ಳಬೇಕು. ವಾಕ್ಯ ಅವನ ಸ್ವಂತದ್ದು. ಅದಕ್ಕಾಗಿ ಒಂದು ಭಾನುವಾರ ಇಡೀ ಖರ್ಚಾಗಿತ್ತು.

"ಪರ್ವತ ಎದ್ದು ಓಡಾಡಲ್ವಲ್ಲೋ" ಎಂದಳು ಅಕ್ಕ.

"ಹೇಳಿದಷ್ಟು ಮಾಡೇ ಅಕ್ಕ."

ಅಷ್ಟರಲ್ಲಿ ಮೇಷ್ಟ್ರು ರಜೆ ಹೋದರು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್, ಒಂದಾದ ಮೇಲೆ ಒಂದು. ಏಳು ವಾರ ದೂಳಿಗೆ ಬರಬಾರದು, ಬಗ್ಗಬಾರದು, ಕೂಗಾಡಬಾರದು. ಕೂಗಾಡದೆ ಶೆಡ್ಡಿನಲ್ಲಿ ತಮಗೇನು ಕೆಲಸ ಎಂದು ಕೀಲಿಯನ್ನು ತಕ್ಕಡಿಯ ಕೈಗೆ ಕೊಟ್ಟರು. ಅವರು ಹೋದ ವಾರವೇ, ಮುಚ್ಚಿಹೋದ ಬೇರೊಂದು ವ್ಯಾಯಾಮಶಾಲೆಯಿಂದ ಒಂದು ಹಳೆಯ ರಾಡು ಬಂತು. ಶೆಡ್ಡಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಒಂದೇ ರಾಡು, ಇಪ್ಪತ್ತು ಕಿಲೋದ್ದು. ಗಂಡಸರು, ಹೆಂಗಸರು ಎಲ್ಲರೂ ಅದನ್ನೇ ಎತ್ತುತ್ತಿದ್ದರು. ಬಂದ ರಾಡಿನ ತುದಿಯಲ್ಲಿದ್ದ ಅಂಕಿ ಸವೆದು ಅಳಿಸಿಹೋಗಿತ್ತು. ತಕ್ಕಡಿ ಅದನ್ನು ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಸವರಿ, ಎರಡೂ ತುದಿಗೆ ಕೆಂಪು ಬಣ್ಣದಲ್ಲಿ, ಅಂಚು ಚೂರೂ ಕದಡದಂತೆ, '20' ಎಂದು ಬರೆದ. ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಮೆಚ್ಚಿಕೊಂಡ. ಎತ್ತಿ ನೋಡಲಿಲ್ಲ. ಆಟೋದಿಂದ ಇಳಿಸಿದವರೂ ಬೇರೆ ಇಬ್ಬರು.

ಅಕ್ಕನಿಗೆ ಹೊಸ ರಾಡು ಹಿಡಿಸಿತು. "ಇದು ಕೈಗೆ ಚೆನ್ನಾಗಿ ಕೂರುತ್ತೆ ಕಣೋ" ಎಂದಳು. ಎರಡು ಹಂತದ ಲಿಫ್ಟಿಗೆ ಅದನ್ನೇ ಇಟ್ಟುಕೊಂಡಳು.

ಆಮೇಲೆ ನಡೆದದ್ದನ್ನು ತಕ್ಕಡಿ ಪವಾಡ ಎಂದೇ ನಂಬಿದ. ಎರಡನೇ ವಾರಕ್ಕೆ ಎಂಬತ್ತು. ಮೂರನೇ ವಾರಕ್ಕೆ ಎಂಬತ್ತೊಂದೂವರೆ. ನಾಲ್ಕನೇ ವಾರ ಒಂದು ಬುಧವಾರ ಎಂಬತ್ತಮೂರು ಹೆಗಲಿಗೆ ಬಂತು, ಹೆಗಲಿನಿಂದ ಮೇಲಕ್ಕೆ ಹೋಯಿತು, ಅಕ್ಕನ ಮೊಣಕೈ ಬಿಗಿಯಿತು, ಅವಳು ಕಂಬದ ಹಾಗೆ ನಿಂತಳು. ಅದಾದ ಮೇಲೆ ವಾರಕ್ಕೆ ಎರಡು ಮೂರು ಸಲ ಅದೇ ತೂಕ. ಮೊದಮೊದಲು ಎರಡು ಸಲ ತಪ್ಪಿತು. ಆಮೇಲೆ ತಪ್ಪಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ತಕ್ಕಡಿ 'ಉಸಿರಾಟದ ಫಲ' ಎಂದು ಬರೆದ. ಇನ್ನೊಂದು ದಿನ 'ಪರ್ವತ ವಾಕ್ಯದ ಫಲ' ಎಂದು ಬರೆದ. ಕಚೇರಿಯಲ್ಲಿ ಎರಡನೇ ಕೌಂಟರಿನವನಿಗೆ, "ದೇಹ ಅನ್ನೋದು ಬರೀ ನೆಪ ಗುರುವೇ, ಎಲ್ಲಾ ಇಲ್ಲಿರೋದು" ಎಂದು ಹಣೆ ತಟ್ಟಿ ತೋರಿಸಿದ. ಎರಡನೇ ಕೌಂಟರಿನವನು ಆ ಹಣೆಯನ್ನು ಸ್ವಲ್ಪ ಹೊತ್ತು ನೋಡಿ, "ಅಲ್ಲಿ ಇಂಕ್ ಅಂಟಿದೆ" ಎಂದ.

ಅಕ್ಕನೂ ಬದಲಾಗಿದ್ದಳು. ಬಟ್ಟೆ ಒಣಹಾಕುವಾಗ ಏನೋ ಗುನುಗುತ್ತಿದ್ದಳು. ಸ್ಪರ್ಧೆಯ ಅರ್ಜಿ ತುಂಬುವಾಗ 'ಮೊದಲ ತೂಕ' ಎಂಬಲ್ಲಿ ಅವನನ್ನು ಕೇಳದೆಯೇ, ಪೆನ್ನು ಎತ್ತದೆ, ಎಂಬತ್ತು ಎಂದು ಬರೆದಳು.

ಸ್ಪರ್ಧೆಗೆ ಐದು ದಿನ ಉಳಿದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ದಪ್ಪ ಮೀಸೆಯ ಗಿರಾಕಿಯೊಬ್ಬ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಪಾರ್ಸೆಲ್ಲೊಂದನ್ನು ಹೆಗಲ ಮೇಲೆ ಹೊತ್ತು ತಂದ. ಚೀಟಿಯಲ್ಲಿ 'ವ್ಯಾಯಾಮದ ರಾಡು' ಎಂದಿತ್ತು. ತಕ್ಕಡಿಗೆ ನೆಂಟರು ಬಂದಷ್ಟು ಖುಷಿಯಾಯಿತು.

"ಇಪ್ಪತ್ತು ಕಿಲೋ" ಎಂದ, ಮುಟ್ಟುವ ಮೊದಲೇ.

ಯಂತ್ರ ಹದಿನೈದು ಕಿಲೋ ಐನೂರು ತೋರಿಸಿತು.

"ಯಂತ್ರ ಕೆಟ್ಟಿದೆ ಸಾರ್. ರಾಡು ಅಂದ್ರೆ ಇಪ್ಪತ್ತೇ. ನಾನು ಇದೇ ಲೈನಲ್ಲಿ ಇರೋನು."

"ಯಾವ ಲೈನಪ್ಪ? ಇದು ಹೆಂಗಸರ ರಾಡು. ಹದಿನೈದೇ ಇರೋದು. ಆ ಅರ್ಧ ಕಿಲೋ ಗೋಣಿ. ಇಪ್ಪತ್ತರದ್ದು ಗಂಡಸರದ್ದು. ಹಿಡಿದು ನೋಡು, ಇದು ಸಣ್ಣಗಿಲ್ವಾ? ಉದ್ದಾನೂ ಒಂದು ಗೇಣು ಕಡಿಮೆ."

ತಕ್ಕಡಿ ಗೋಣಿಯ ತೆರೆದ ತುದಿಯಿಂದ ಕೈ ತೂರಿಸಿ ರಾಡನ್ನು ಹಿಡಿದ. ಬೆರಳುಗಳು ಸುತ್ತಿ ಬಂದು ಹೆಬ್ಬೆರಳನ್ನು ಆರಾಮಾಗಿ ಮುಟ್ಟಿದವು. ಹಳೆಯ ರಾಡಿನಲ್ಲಿ ಹಾಗೆ ಮುಟ್ಟುತ್ತಿರಲಿಲ್ಲ. ಕೆಂಪು ಬಣ್ಣದ್ದರಲ್ಲಿ ಮುಟ್ಟುತ್ತಿತ್ತು.

"ಏನಪ್ಪಾ, ಹುಷಾರಿಲ್ವಾ?"

"ಇದೀನಿ ಸಾರ್" ಎಂದು ಅವನು ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ.

ಊಟದ ಬಿಡುವಿನಲ್ಲಿ ಕಚೇರಿಯ ಕೊಕ್ಕೆ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಶೆಡ್ಡಿಗೆ ಓಡಿದ. ಬೀಗ ತೆಗೆದು, ರಾಡಿಗೆ ಹಗ್ಗ ಬಿಗಿದು, ತೊಲೆಗೆ ತೂಗುಹಾಕಿದ. ಮುಳ್ಳು ಹದಿನೈದಕ್ಕೆ ಬಂದು ನಿಂತಿತು. ಅಲ್ಲಾಡಿಸಿದ. ಮುಳ್ಳು ಅತ್ತಿತ್ತ ಆಡಿ ಮತ್ತೆ ಹದಿನೈದಕ್ಕೇ ನಿಂತಿತು. ಅಂದರೆ ಎಂಬತ್ತಮೂರು ಎಂದು ಅವನು ಬರೆದದ್ದೆಲ್ಲ ಎಪ್ಪತ್ತೆಂಟು. ಏಳು ವಾರದ ಪವಾಡವೆಲ್ಲ ತಾನು ಬಳಿದ ಬಣ್ಣ. ಅಕ್ಕ ಇದ್ದಲ್ಲೇ ಇದ್ದಾಳೆ, ಮತ್ತು ಭಾನುವಾರ ಎಂಬತ್ತರಿಂದ ಶುರು ಮಾಡುತ್ತಾಳೆ. ಎಂಬತ್ತು ಅವಳು ಹುಟ್ಟಿದಾಗಿನಿಂದ ಎತ್ತಿಲ್ಲ. ಮೂರು ಸಲ ತಪ್ಪುತ್ತಾಳೆ. ಸೊನ್ನೆ.

ಅವನು ಸೀದಾ ಮೇಷ್ಟ್ರ ಮನೆಗೆ ಹೋದ. ಅವರು ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ನೆಟ್ಟಗೆ ಕೂತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೇಷ್ಟ್ರು ಕೇಳಿಸಿಕೊಂಡರು.

"ಹದಿನೈದಕ್ಕೆ ಇಪ್ಪತ್ತು ಅಂತ ಬಣ್ಣ ಹೊಡೆದೆಯಾ?"

"ಹೂಂ ಮೇಷ್ಟ್ರೇ."

"ಯಾವ ಬಣ್ಣ?"

"ಕೆಂಪು."

"ಡಾಕ್ಟ್ರು ಕೂಗಾಡಬಾರದು ಅಂದಿದ್ದಾರೆ. ನಿನ್ನ ಪುಣ್ಯ." ಕನ್ನಡಕ ಸರಿಮಾಡಿಕೊಂಡರು. "ತೂಕ ನೋಡೋ ಕೆಲಸಕ್ಕೆ ನಿನಗೆ ಸಂಬಳ ಬೇರೆ ಕೊಡ್ತಾರಾ?"

"ನೀವೇ ಅವಳಿಗೆ ಒಂದು ಮಾತು ಹೇಳಿಬಿಡಿ ಮೇಷ್ಟ್ರೇ. ಇಲ್ಲಾಂದ್ರೆ ಹೇಳೋದೇ ಬೇಡ, ಮೊದಲ ತೂಕ ಇಳಿಸು ಅಂತ ನೀವು ಅಂದ್ರೆ ಸಾಕು. ಬೆನ್ನು ನೋವು ಬರುತ್ತೆ, ಜೋಪಾನ ಅಂತ ಏನಾದ್ರೂ…"

"ಅಂದ್ರೆ ಇದಕ್ಕೆ ಇನ್ನೊಂದು ಕೋಟು ಬಣ್ಣ."

ತಕ್ಕಡಿ ತಲೆ ತಗ್ಗಿಸಿದ.

"ಹೋಗಿ ನೀನೇ ಹೇಳು. ಇವತ್ತೇ ಹೇಳು. ಅಳ್ತಾಳೆ, ಅಳಲಿ. ಐದು ದಿನ ಇದೆಯಲ್ಲ, ಒಣಗುತ್ತೆ."

ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು ಅಕ್ಕ ಮಧ್ಯಾಹ್ನ ಡಬ್ಬಿ ಬಿಚ್ಚುವ ಜಾಗ. ಒಗೆದ ಹಾಸಿಗೆ ಬಟ್ಟೆಗಳು ಎದುರಿನ ತಂತಿಗಳ ಮೇಲೆ ಸಾಲಾಗಿ ಒಣಗುತ್ತಿದ್ದವು. ತಮ್ಮನನ್ನು ಆ ಹೊತ್ತಿನಲ್ಲಿ ಕಂಡು ಅವಳು ಗಾಬರಿಯಾಗಿ ಎದ್ದಳು.

"ಅಮ್ಮಂಗೆ ಏನಾಯ್ತೋ?"

"ಅಮ್ಮಂಗೆ ಏನೂ ಇಲ್ಲ. ಕೂತ್ಕೋ."

ಅವನು ಹೇಳಿದ. ಬರುವ ದಾರಿಯಲ್ಲಿ ಸಿದ್ಧಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಗಿರಾಕಿಯ ಮೀಸೆಯಿಂದ ಶುರುಮಾಡಿ, ಕೊಕ್ಕೆ ತಕ್ಕಡಿಗೆ ಬಂದು, ಕೊನೆಗೆ ಬಣ್ಣದಲ್ಲಿ ಮುಗಿಸಿದ. ಅಕ್ಕ ಡಬ್ಬಿಯ ಮುಚ್ಚಳವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಹಾಗಾದ್ರೆ ನಿಜವಾಗಿ ಎಷ್ಟು?"

"ಎಪ್ಪತ್ತೆಂಟು."

"ಮೊದಲಿದ್ದಷ್ಟೇ."

"ಹೂಂ."

ಅವಳು ಒಣಗುತ್ತಿದ್ದ ಬಟ್ಟೆಗಳ ಕಡೆ ನೋಡುತ್ತಾ ಕೂತಳು. ಅವಳ ಕೆಳತುಟಿ ಚಿಕ್ಕಂದಿನಲ್ಲಿ ಆಗುತ್ತಿದ್ದ ಹಾಗೆ ಒಂದು ಬದಿಗೆ ಎಳೆದುಕೊಂಡಿತು. ತಕ್ಕಡಿಗೆ ತನ್ನ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ.

"ಬೈಯೇ ಅಕ್ಕ."

"ಬೈತೀನಿ ಇರು, ಯೋಚನೆ ಮಾಡ್ತಾ ಇದೀನಿ." ಮೂಗು ಒರೆಸಿಕೊಂಡಳು. "ಹೋದ ವರ್ಷ ಅಲ್ಲೂ ರಾಡು ಹೀಗೇ ಸಣ್ಣಗಿತ್ತು ಕಣೋ. ನೆನಪಿಗೆ ಬರಬೇಕಿತ್ತು. ಆ ದಿನದ್ದು ಏನೂ ನೆನಪು ಮಾಡ್ಕೋಬಾರದು ಅಂತ ಇದ್ದೆನಲ್ಲ, ಇದೂ ಅದರ ಜೊತೆ ಹೋಯ್ತು."

"ತಪ್ಪು ನಂದು. ನನ್ನ ಆ ಉಸಿರಾಟ, ಪರ್ವತ, ಎಲ್ಲಾ ಬರೀ ಡೋಲು. ಐದು ಕಿಲೋ ಕಮ್ಮಿ ಇದ್ರೆ ಯಾರು ಬೇಕಾದ್ರೂ ಎತ್ತುತ್ತಿದ್ರು."

"ನೀನು ಎತ್ತುತ್ತಿರಲಿಲ್ಲ."

ಅವನು ಒಪ್ಪಿಕೊಂಡ.

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದಳು ಅಕ್ಕ. "ಆ ಪರ್ವತದ ವಾಕ್ಯ ನಾನು ಒಂದು ದಿನಾನೂ ಹೇಳಿಲ್ಲ."

"ಒಂದು ದಿನಾನೂ?"

"ನಗು ಬರೋದು. ನಗು ಬಂದ್ರೆ ಹೊಟ್ಟೆ ಸಡಿಲ ಆಗುತ್ತಲ್ಲ."

"ಮತ್ತೆ ತುಟಿ ಆಡ್ತಿತ್ತಲ್ಲೇ! ನಾನು ಬರೆದುಕೊಂಡಿದ್ದೀನಿ, 'ವಾಕ್ಯ ಸರಿಯಾಗಿ ಹೇಳುತ್ತಿದ್ದಾಳೆ' ಅಂತ."

ಅಕ್ಕ ಸ್ವಲ್ಪ ನಾಚಿಕೊಂಡಳು. "ವಾರ್ಡಲ್ಲಿ ಹೇಳೋದನ್ನೇ ಹೇಳ್ತಿದ್ದೆ. ಎಂಟನೇ ಮಂಚದಲ್ಲಿ ಒಬ್ಬ ತಾತ ಇದ್ದಾರೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಒಳ್ಳೆ ಭಾರ. ಮುಟ್ಟೋಕೆ ಹೋದ್ರೆ ಬೀಳಿಸ್ತೀಯಾ ಅಂತ ಹೆದರ್ತಾರೆ. ಅದಕ್ಕೆ ದಿನಾ ಹೇಳ್ತೀನಿ, 'ಬನ್ನಿ ತಾತ, ನಾನಿದೀನಿ, ಒಂದೇ ನಿಮಿಷ.' ಅಷ್ಟು ಅಂದ್ರೆ ಅವರು ಮೈ ಸಡಿಲ ಬಿಡ್ತಾರೆ, ನಾನು ಎತ್ತಿಬಿಡ್ತೀನಿ. ರಾಡಿಗೂ ಅದನ್ನೇ ಹೇಳ್ತಿದ್ದೆ."

ತಕ್ಕಡಿ ನೋಡಿದ್ದ ನಲವತ್ತು ವಿಡಿಯೋಗಳಲ್ಲಿ ಇದು ಎಲ್ಲೂ ಬಂದಿರಲಿಲ್ಲ.

"ನೋಟ್‌ಬುಕ್ ಇದೆಯಾ?"

ಚೀಲದಿಂದ ತೆಗೆದುಕೊಟ್ಟ. ಅವಳು ಪುಟ ತಿರುವಿ ಎಂಬತ್ತಮೂರು ಎಂದು ಬರೆದ ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದಳು. ಒಂದೊಂದರ ಹತ್ತಿರವೂ ನಿಂತು, ಪೆನ್ನು ಇಸಿದುಕೊಂಡು, ಅಂಕಿಯನ್ನು ಹೊಡೆದು ಎಪ್ಪತ್ತೆಂಟು ಎಂದು ತಿದ್ದಿದಳು. ಅವಳು ಹಾಗೆ ತಿದ್ದುವುದನ್ನು ನೋಡುವುದು ಅವನಿಗೆ ಕಷ್ಟವಾಯಿತು.

"ಒಂಬತ್ತು ಸಲ" ಎಂದಳು.

"ಏನು?"

"ಎಪ್ಪತ್ತೆಂಟನ್ನ ಒಂಬತ್ತು ಸಲ ಎತ್ತಿದ್ದೀನಿ. ಮುಂಚೆ ಜನ್ಮಕ್ಕೆಲ್ಲಾ ಒಂದು ಸಲ, ಅದೂ ಬಿದ್ದು ಎದ್ದು. ಕೊನೇ ಮೂರು ವಾರ ಒಂದೂ ತಪ್ಪಿಲ್ಲ ನೋಡು. ಅಂಕಿ ಸುಳ್ಳು ಇರಬಹುದು, ಎತ್ತಿದ್ದು ಸುಳ್ಳಲ್ಲವಲ್ಲ. ಪ್ಲೇಟೆಲ್ಲಾ ನಿಜವಾದ ಪ್ಲೇಟೇ ತಾನೇ? ಅದಕ್ಕೂ ಬಣ್ಣ ಗಿಣ್ಣ ಹೊಡೆದಿಲ್ಲ ತಾನೇ?"

"ಅಮ್ಮನ ಆಣೆ, ಇಲ್ಲ."

"ಹಾಗಾದ್ರೆ ಎದ್ದು ಹೋಗು, ಕೆಲಸಕ್ಕೆ ಹೊತ್ತಾಗುತ್ತೆ. ಬೈಗುಳ ಸಂಜೆ ಬಂದು ಕೊಡ್ತೀನಿ, ಅಮ್ಮನ ಮುಂದೆ."

ಆ ಸಂಜೆ ಕೊಟ್ಟಳು ಕೂಡ. ಅಮ್ಮನಿಗೆ ವಿಷಯ ಪೂರ್ತಿ ಅರ್ಥವಾಗಲಿಲ್ಲ, ಆದರೂ ಮಗಳ ಜೊತೆ ಸೇರಿ ಬೈದಳು. ಆದರೆ ಊಟವಾದ ಮೇಲೆ ಅಕ್ಕ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ದಾರ ಬಿಚ್ಚಿ ಬಿಚ್ಚಿ ಕಟ್ಟಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಆಡಿದ ಮಾತು ಒಂದು, ಭಾನುವಾರ ಜನರ ಮುಂದೆ ನಿಲ್ಲುವುದು ಇನ್ನೊಂದು ಎಂಬುದು ತಕ್ಕಡಿಗೂ ಗೊತ್ತಿತ್ತು. ನೋಟ್‌ಬುಕ್ಕಿನ ಮೊದಲ ಪುಟವನ್ನು ಮೆಲ್ಲನೆ ಹರಿದು ಮಡಚಿ ಜೇಬಿಗೆ ಹಾಕಿಕೊಂಡ.

ಭಾನುವಾರ. ದೊಡ್ಡ ಹಾಲು, ಮಡಚುವ ಕುರ್ಚಿಗಳು, ನಡುವೆ ಎತ್ತರದ ವೇದಿಕೆ. ಮೇಷ್ಟ್ರು ಕಪ್ಪು ಕನ್ನಡಕದಲ್ಲೇ ಬಂದಿದ್ದರು. ಸ್ಪರ್ಧಿಗಳ ಮೈತೂಕ ನೋಡುವ ಕೋಣೆಯಲ್ಲಿ ಮೊದಲು ಎತ್ತುವ ತೂಕವನ್ನು ಬದಲಿಸಲು ಅವಕಾಶವಿತ್ತು. ಅಕ್ಕ ಎಂಬತ್ತನ್ನು ಹೊಡೆದು ಎಪ್ಪತ್ತಮೂರು ಎಂದು ಬರೆದಳು.

"ಎಪ್ಪತ್ತೈದು ಸಾಕಲ್ವಾ?" ಎಂದ ತಕ್ಕಡಿ.

"ಹಲ್ಲುಜ್ಜುತ್ತಾ ಎತ್ತೋ ಅಷ್ಟಿರಲಿ ಮೊದಲನೇದು" ಎಂದಳು. ಆದರೆ ಪೆನ್ನು ವಾಪಸು ಕೊಡುವಾಗ ಅವಳ ಬೆರಳು ತಣ್ಣಗಿತ್ತು.

ಹೆಸರು ಕೂಗಿದರು. ಅಕ್ಕ ಕೈಗೆ ಬಿಳಿ ಪುಡಿ ಹಚ್ಚಿಕೊಂಡು ವೇದಿಕೆ ಹತ್ತಿದಳು. ತಕ್ಕಡಿ ಪರದೆಯ ಪಕ್ಕದಲ್ಲಿ ನಿಂತಿದ್ದ. ಅವಳು ರಾಡಿಗೆ ಬಗ್ಗುವ ಮೊದಲು ಒಮ್ಮೆ, ಒಂದೇ ಒಂದು ಸಲ, ಜನರ ಕಡೆ ನೋಡಿದಳು. ಅವನಿಗೆ ಅಲ್ಲೇ ಗೊತ್ತಾಯಿತು. ರಾಡು ಹೆಗಲಿಗೆ ಬಂತು. ಹೆಗಲಿನಿಂದ ಮೇಲಕ್ಕೂ ಹೋಯಿತು. ಮೊಣಕೈ ಬಿಗಿಯಲಿಲ್ಲ. ಧಡಾರೆಂದು ಬಿತ್ತು. ತೀರ್ಪುಗಾರರ ಮೂರು ದೀಪವೂ ಕೆಂಪು, ಅಂದರೆ ತಪ್ಪು.

ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತಳು. ಮುಖ ಬಿಳಿಚಿಕೊಂಡಿತ್ತು. ತಕ್ಕಡಿ ಬಾಯಿ ತೆರೆದ. ಉಸಿರಾಟ, ಬಿಳಿ ಟೇಪು, ಪರ್ವತ ಎಲ್ಲ ಗಂಟಲಿನವರೆಗೆ ಬಂದು, ಅಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು.

"ನೀನೇನೂ ಹೇಳ್ಬೇಡ" ಎಂದಳು ಅಕ್ಕ.

"ಇಲ್ಲ."

"ಅಲ್ಲಿ ಎಲ್ಲರೂ ನೋಡ್ತಾರೆ ಕಣೋ. ವಾರ್ಡಲ್ಲಿ ಯಾರೂ ನೋಡಲ್ಲ."

ತಕ್ಕಡಿ ಯೋಚಿಸಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ತಾತ ನೋಡ್ತಾರಲ್ಲ."

ಅಕ್ಕ ಅವನ ಕಡೆ ತಿರುಗಿದಳು.

"ನೀನು ಎತ್ತುವಾಗ ಅವರು ನಿನ್ನ ಮುಖಾನೇ ನೋಡ್ತಿರ್ತಾರೆ ತಾನೇ? ಹೆದರಿಕೊಂಡು. ನೀನು ಅವರಿಗೆ ಧೈರ್ಯ ಹೇಳ್ತೀಯ, ನಿನಗಲ್ಲ."

ಇದು ಯಾವ ವಿಡಿಯೋದ್ದೂ ಅಲ್ಲ ಎಂದು ಅವಳಿಗೂ ಗೊತ್ತಾಗಿರಬೇಕು. ಅವನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಮೇಷ್ಟ್ರು ಕಪ್ಪು ಕನ್ನಡಕದ ಹಿಂದಿನಿಂದ, "ಅದೇ ತೂಕ" ಎಂದು ಬರೆಸಿದರು.

ಎರಡನೇ ಸಲ ಅವಳು ವೇದಿಕೆಗೆ ಹೋದಾಗ ತಕ್ಕಡಿ ಕಣ್ಣು ಮುಚ್ಚಿಕೊಂಡ. ಕತ್ತಲೆಯಲ್ಲಿ ಅಕ್ಕನ ಬೂಟಿನ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ ಕಬ್ಬಿಣ ಕಿಣಿಗುಟ್ಟಿದ್ದು, ಒಂದು ಉಸಿರು, ಹಲಗೆಯ ಮೇಲೆ ಕಾಲು ಅಪ್ಪಳಿಸಿದ ಸದ್ದು. ನಂತರ ಬಹಳ ಹೊತ್ತು ನಿಶ್ಶಬ್ದ. ರಾಡು ಬಿದ್ದ ಸದ್ದಿಗಾಗಿ ಅವನ ಇಡೀ ಮೈ ಕಿವಿಯಾಗಿತ್ತು. ಅದು ಬೀಳಲಿಲ್ಲ. ಇನ್ನು ಇಳಿಸಬಹುದೆಂಬ ಗಂಟೆ ಬಾರಿಸಿತು, ಆಮೇಲೆ ಬಿತ್ತು.

"ಲೋ ಮುಠ್ಠಾಳ, ಕಣ್ಣು ಬಿಡೋ" ಎಂದರು ಮೇಷ್ಟ್ರು.

ಮೂರು ಬಿಳಿ ದೀಪ ಉರಿಯುತ್ತಿದ್ದವು. ಅಕ್ಕ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ಆ ದೀಪಗಳನ್ನು, ಯಾರೋ ಪರಿಚಯದವರನ್ನು ಬಹಳ ದಿನದ ಮೇಲೆ ಕಂಡ ಹಾಗೆ, ನೋಡುತ್ತಾ ನಿಂತಿದ್ದಳು. ಹೆಸರಿನ ಮುಂದೆ ಅಂಕಿ ಬಿತ್ತು. ಸೊನ್ನೆಯ ಭಯ ಅಲ್ಲಿಗೆ ಮುಗಿಯಿತು.

ಕೆಳಗೆ ಬಂದವಳನ್ನು ಮೇಷ್ಟ್ರು ಕೇಳಿದರು. "ಮೂರನೇದು? ಎಪ್ಪತ್ತಾರು ಹಾಕಿಸಿದ್ರೆ ಐದನೇ ಸ್ಥಾನ ಸಿಗುತ್ತಮ್ಮ."

"ಎಪ್ಪತ್ತೊಂಬತ್ತು ಹಾಕಿಸಿ ಮೇಷ್ಟ್ರೇ."

"ತಪ್ಪಿದ್ರೆ ಏಳನೇ ಸ್ಥಾನ."

"ಪರವಾಗಿಲ್ಲ. ನಾನು ಇದುವರೆಗೆ ಎತ್ತದೇ ಇರೋ ಒಂದು ತೂಕದ ಮುಂದೆ, ಅದರ ನಿಜವಾದ ಹೆಸರು ಗೊತ್ತಿದ್ದು ಹೋಗಿ ನಿಲ್ಲಬೇಕು. ಒಂದು ಸಲ."

ಮೇಷ್ಟ್ರು ತಕ್ಕಡಿಯ ಕಡೆ ಕಾರ್ಡು ಚಾಚಿದರು. "ಬರಿ. ಅಂಕಿ ಸರಿಯಾಗಿ ಬರಿ." ಅವನು ಬರೆದ, ಎರಡು ಸಲ ನೋಡಿದ, ಮೇಷ್ಟ್ರಿಗೆ ತೋರಿಸಿದ, ಕೊಟ್ಟುಬಂದ.

ಈ ಸಲ ಅವಳು ಜನರ ಕಡೆ ನೋಡಲಿಲ್ಲ, ಗೋಡೆಯ ಕಡೆಯೂ ನೋಡಲಿಲ್ಲ. ರಾಡನ್ನೇ ನೋಡಿದಳು. ತುಟಿ ಆಡಿತು. ಎಪ್ಪತ್ತೊಂಬತ್ತು ನೆಲ ಬಿಟ್ಟು ಎದ್ದು, ಅವಳ ಹೆಗಲ ಮೇಲೆ ಬಂದು ಕೂತಿತು. ಅವಳು ಕುಕ್ಕರಗಾಲಿನಿಂದ ನಿಧಾನವಾಗಿ, ನಡುಗುತ್ತಾ, ಎದ್ದು ನಿಂತಳು. ನಿಂತೇಬಿಟ್ಟಳು. ಚಿಮ್ಮಿಸಿದಳು. ರಾಡು ತಲೆಯ ಮೇಲೆ ಹೋಗಿ, ಒಂದು ಎಳೆಯಷ್ಟು ಮುಂದಕ್ಕೆ ವಾಲಿ, ಕೈತಪ್ಪಿ ಎದುರಿಗೆ ಬಿತ್ತು. ಅವಳು ಎರಡು ಹೆಜ್ಜೆ ತತ್ತರಿಸಿ ಹಲಗೆಯ ಮೇಲೆ ಕೂತುಬಿಟ್ಟಳು. ಕೆಂಪು ದೀಪಗಳು ಹತ್ತಿದವು. ಕೂತಲ್ಲಿಂದಲೇ ಅವಳು ಬೆವರು ಒರೆಸಿಕೊಂಡು, ಪರದೆಯ ಪಕ್ಕದ ತಮ್ಮನನ್ನು ಹುಡುಕಿ, ಕೂಗಿದಳು.

"ಹೆಗಲಿಗೆ ಬಂತು! ನೋಡಿದೆಯೇನೋ?"

"ನೋಡಿದೆ!"

"ಕಣ್ಣು ಬಿಟ್ಟುಕೊಂಡು?"

"ಒಂದು ಕಣ್ಣು!"

ತೀರ್ಪುಗಾರರೊಬ್ಬರು ನಕ್ಕರು. ಅಕ್ಕ ಎದ್ದು, ಬಟ್ಟೆ ಕೊಡವಿಕೊಂಡು, ಜನರಿಗೆ ತಲೆಬಾಗಿ ಕೆಳಗಿಳಿದಳು. ಬೂಟಿನ ದಾರ ಬಿಚ್ಚಲು ಕೂತವಳು, ಬಿಚ್ಚದೆ ಹಾಗೆಯೇ ಬಿಟ್ಟು ಕೇಳಿದಳು.

"ಮೇಷ್ಟ್ರೇ, ನಾಳೆ ಸೋಮವಾರ ಶೆಡ್ಡು ತೆಗೀತೀರಾ, ರಜೆಯಾ?"